ಕಂಡ ಕಾಮಾಲೆ, ಕಾಣದ ಸೋಂಕು

ಮುಂಗಾರು ಹಿಡಿದು ರಾಗಿ ಪೈರು ಗೇಣುದ್ದ ಎದ್ದ ಹೊತ್ತಿಗೆ ಮಾಲೂರು ಸೀಮೆಯ ಹೊಲದ ಬದುಗಳಲ್ಲಿ ನೆಲನೆಲ್ಲಿ ತಾನಾಗಿ ಹುಟ್ಟಿಕೊಳ್ಳುತ್ತದೆ. ಎಲೆಗಳ ಅಡಿಯಲ್ಲಿ ಸಾಸಿವೆಗಿಂತ ತುಸು ದಪ್ಪನೆಯ ಕಾಯಿಗಳನ್ನು ಸಾಲಾಗಿ ಹೊತ್ತ ಈ ಕಳೆಗಿಡವನ್ನು ಕಾಮಾಲೆಯ ಮದ್ದೆಂದು ನಂಬಿದವರು ಕನ್ನಡಿಗರಷ್ಟೇ ಅಲ್ಲ. ಮಾಲೂರಿಂದ ದಕ್ಷಿಣಕ್ಕೆ ಹೊಸೂರಿನ ಗಡಿ ದಾಟಿದರೆ ಇದು ತಮಿಳರ ಕೀಳಾನೆಲ್ಲಿ. ಮುಳಬಾಗಿಲು, ಶ್ರೀನಿವಾಸಪುರಗಳ ಆಚೆ ಚಿತ್ತೂರು, ಮದನಪಲ್ಲಿಗಳ ಕಡೆ ತೆಲುಗರ ನೇಲ ಉಸಿರಿ. ಮೂರು ಭಾಷೆಗಳು ಒಂದೇ ಸಂತೆಯಲ್ಲಿ ಬೆರೆಯುವ ಕೋಲಾರ ಜಿಲ್ಲೆಗೆ ಈ ಮದ್ದು ಮೂರೂ ಕಡೆಯಿಂದ ಗೊತ್ತು. ಬೇರುಸಹಿತ ಕಿತ್ತ ಗಿಡವನ್ನು ಅರೆದು, ರಸವನ್ನು ಮಜ್ಜಿಗೆಯಲ್ಲೋ ಹಾಲಿನಲ್ಲೋ ಕದಡಿ, ಬೆಳಗ್ಗೆ ಬರಿಹೊಟ್ಟೆಗೆ ಕೊಡುತ್ತಾರೆ. ಮೂರು ದಿನವೋ ಐದು ದಿನವೋ ಮದ್ದು. ಆಮೇಲೆ ಎಣ್ಣೆ, ಖಾರ, ಮಾಂಸ, ಹೆಂಡ ಬಿಟ್ಟು, ಕೆಲವು ಕಡೆ ಉಪ್ಪನ್ನೂ ಬಿಟ್ಟು ವಾರಗಟ್ಟಲೆ ಪಥ್ಯ. ಕೆಲವರು ಮೂಗಿಗೆ ರಸ ಹಿಂಡುತ್ತಾರೆ, ಕೆಲವರು ಕೈಗೆ ಬರೆ ಎಳೆಯುತ್ತಾರೆ, ಕೆಲವರು ಸುಣ್ಣದ ತಿಳಿನೀರಿನಲ್ಲಿ ಕೈ ತೊಳೆಸಿ ಇಳಿದ ಹಳದಿಯನ್ನು ತೋರಿಸುತ್ತಾರೆ. ಮದ್ದು ಕೊಡುವ ಮನೆತನಗಳಲ್ಲಿ ಎಷ್ಟೋ ಮಂದಿ ಹಣ ಮುಟ್ಟುವುದಿಲ್ಲ. ಮುಟ್ಟಿದರೆ ಕೈಗುಣ ಹೋಗುತ್ತದೆ ಎಂಬುದು ಅವರ ನಂಬಿಕೆ. ಹಳೆಯ ಮೈಸೂರಿನ ಉದ್ದಗಲಕ್ಕೂ ಈ ಕ್ರಮ ಹೆಚ್ಚುಕಡಿಮೆ ಇದೇ. ತಲೆಮಾರುಗಳ ಕಾಲ ಉಳಿದುಬಂದ ಇಂಥ ರೂಢಿಯನ್ನು ಮೂಢನಂಬಿಕೆ ಎಂದು ಒಂದು ಮಾತಿನಲ್ಲಿ ತಳ್ಳಿಹಾಕಿದರೆ ಅದು ಯಾಕೆ ಉಳಿಯಿತು ಎಂಬ ಪ್ರಶ್ನೆ ಹಾಗೇ ಉಳಿದುಬಿಡುತ್ತದೆ.

ಅದು ಉಳಿದದ್ದಕ್ಕೆ ಕಾರಣ ಸರಳ. ಮದ್ದು ತೆಗೆದುಕೊಂಡವರಲ್ಲಿ ಬಹುಪಾಲು ಜನ ನಿಜವಾಗಿಯೂ ಗುಣವಾದರು. ಊರು ಅದನ್ನು ಕಣ್ಣಾರೆ ಕಂಡಿತು. ಹಾಗೆ ಗುಣಪಡಿಸಿದ್ದು ಬಹುಮಟ್ಟಿಗೆ ಅವರವರ ದೇಹದ ರೋಗನಿರೋಧಕ ವ್ಯವಸ್ಥೆ, ಮತ್ತು ಆ ಕೆಲಸ ಅರ್ಧ ಮುಗಿದ ಮೇಲೆಯೇ ಕಣ್ಣು ಹಳದಿಯಾಗುತ್ತದೆ ಎಂಬುದು ಈ ಬರಹದ ವಾದ. ಇದರಲ್ಲಿ ಇನ್ನೊಂದು, ಹೆಚ್ಚು ಗಂಭೀರವಾದ ಸಂಗತಿಯೂ ಅಡಗಿದೆ. ಹೆಪಟೈಟಿಸ್ ಬಿ ಸೋಂಕಿನಲ್ಲಿ ದೇಹ ಹೋರಾಡಿದರೆ ಕಾಮಾಲೆ ಕಾಣಿಸಿಕೊಳ್ಳಬಹುದು. ಹೋರಾಡದೆ ಸುಮ್ಮನಿದ್ದರೆ ಕಣ್ಣೂ ಹಳದಿಯಾಗುವುದಿಲ್ಲ, ಸೋಂಕೂ ಹೋಗುವುದಿಲ್ಲ. ಹಳದಿ ಕಣ್ಣನ್ನೇ ರೋಗವೆಂದು ತಿಳಿದ ರೂಢಿ, ತಾನಾಗಿ ಗುಣವಾಗುವವರಿಗೆ ಮದ್ದು ಕೊಟ್ಟಿತು; ನಿಜವಾಗಿ ಅಪಾಯದಲ್ಲಿದ್ದವರನ್ನು ನೋಡಲೇ ಇಲ್ಲ. ನಮ್ಮ ಸೀಮೆಯ ಕಾಮಾಲೆಯ ಚರಿತ್ರೆಯನ್ನು ಸರಿಯಾಗಿ ಓದಬೇಕಾದರೆ ಮೊದಲು ಈ ತಿರುವುಮುರುವನ್ನು ಅರ್ಥ ಮಾಡಿಕೊಳ್ಳಬೇಕು.

ಮದ್ದಿನಿಂದಲೇ ಶುರು ಮಾಡೋಣ. ಚರಕಸಂಹಿತೆ ಚಿಕಿತ್ಸಾಸ್ಥಾನದ ಪಾಂಡುರೋಗದ ಅಧ್ಯಾಯದಲ್ಲಿ ಕಾಮಾಲೆಯ ಮಾತೆತ್ತುತ್ತದೆ. ಅಲ್ಲಿ ಬೆಳಗ್ಗೆ ಜೇನು ಬೆರೆಸಿ ಕುಡಿಯಲು ಹೇಳಿರುವುದು ತ್ರಿಫಲೆ, ಅಮೃತಬಳ್ಳಿ, ಮರದರಿಶಿನ, ಬೇವು, ಇವುಗಳಲ್ಲಿ ಯಾವುದಾದರೂ ಒಂದರ ರಸ. ಅದೇ ಗ್ರಂಥ ಮಲ ಎಳ್ಳಿನ ಹಿಟ್ಟಿನಂತೆ ಬಿಳುಚಿಕೊಳ್ಳುವ ಕಾಮಾಲೆಯನ್ನು ಬೇರೆ ಬಗೆಯೆಂದು ಗುರುತಿಸಿ ಅದಕ್ಕೆ ಬೇರೆ ಚಿಕಿತ್ಸೆ ಹೇಳುತ್ತದೆ. ಪಿತ್ತದ ದಾರಿ ಕಟ್ಟಿಕೊಂಡಾಗ ಬರುವ ಕಾಮಾಲೆಗೂ ಉಳಿದದ್ದಕ್ಕೂ ಇರುವ ವ್ಯತ್ಯಾಸವನ್ನು ಅಷ್ಟು ಹಿಂದೆಯೇ ಮಲದ ಬಣ್ಣದಿಂದ ಹಿಡಿದದ್ದು ಸಣ್ಣ ಮಾತಲ್ಲ. ಆದರೆ ಊರಿನ ರೂಢಿಗೆ ಇಳಿಯುವಷ್ಟರಲ್ಲಿ ಈ ಎಚ್ಚರ ಉದುರಿಹೋಗಿ, ಎಲ್ಲ ಕಾಮಾಲೆಗೂ ಒಂದೇ ಮದ್ದಾಯಿತು. ಇನ್ನು ಆ ಒಂದು ಮದ್ದೂ ಒಂದೇ ಗಿಡವಲ್ಲ. ನಮ್ಮ ಸಸ್ಯಪಟ್ಟಿಗಳು ಬಹುಕಾಲ ಫಿಲ್ಲಾಂತಸ್ ನಿರೂರಿ ಎಂದು ಬರೆದುಕೊಂಡು ಬಂದ ಗಿಡ ವಾಸ್ತವದಲ್ಲಿ ಅಮಾರಸ್, ಫ್ರಾಟರ್ನಸ್, ಡೆಬಿಲಿಸ್ ಎಂಬ ಮೂರು ಬೇರೆ ಬೇರೆ ಪ್ರಭೇದಗಳ ಕಲಬೆರಕೆ ಎಂದು 1985ರಲ್ಲಿ ಸಸ್ಯಶಾಸ್ತ್ರಜ್ಞರು ತೋರಿಸಿದರು. ಬೇವು ಕೊಟ್ಟರೂ ಗುಣ, ಅಮೃತಬಳ್ಳಿ ಕೊಟ್ಟರೂ ಗುಣ, ಮೂರು ಬಗೆಯ ನೆಲನೆಲ್ಲಿಯಲ್ಲಿ ಯಾವುದನ್ನು ಅರೆದರೂ ಗುಣ, ಬರೆ ಹಾಕಿದರೂ ಗುಣ ಎಂದಾಗ, ಇವೆಲ್ಲಕ್ಕೂ ಹೊರತಾದ ಇನ್ನಾವುದೋ ಒಂದು ಎಲ್ಲ ಕಡೆಯೂ ಕೆಲಸ ಮಾಡುತ್ತಿದೆ ಎಂದು ಸಂಶಯಪಡಬೇಕಾಗುತ್ತದೆ.

ಆ ಇನ್ನೊಂದನ್ನು ಹುಡುಕಬೇಕಾದರೆ ಕಾಮಾಲೆ ಒಂದೇ ಕಾಯಿಲೆಯಲ್ಲ ಎಂಬುದು ನೆನಪಿರಬೇಕು. ಸತ್ತ ಕೆಂಪು ರಕ್ತಕಣಗಳಿಂದ ಹುಟ್ಟುವ ಬಿಲಿರುಬಿನ್ ಎಂಬ ಹಳದಿ ಬಣ್ಣವನ್ನು ಯಕೃತ್ತು ಹೊರಹಾಕಲಾರದೆ ಹೋದಾಗ ಅದು ರಕ್ತದಲ್ಲಿ ಏರಿ ಕಣ್ಣಿನ ಬಿಳಿಯಲ್ಲಿ, ಚರ್ಮದಲ್ಲಿ, ಮೂತ್ರದಲ್ಲಿ ಕಾಣಿಸುತ್ತದೆ. ಮಳೆಗಾಲದಲ್ಲಿ ಕೆರೆ, ಬಾವಿ, ಕೊಳವೆಗಳ ನೀರಿಗೆ ಹೊಲಸು ಸೇರಿದಾಗ ಹರಡುವ ಕಾಮಾಲೆಗೆ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು ಮುಖ್ಯ ಕಾರಣ. 1955ರ ಕೊನೆ ಮತ್ತು 1956ರ ಆರಂಭದಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಸುಮಾರು 29,300 ಜನರಿಗೆ ಕಾಮಾಲೆ ಬಂದಿತು. ಕಾಯ್ದಿಟ್ಟಿದ್ದ ರಕ್ತದ ಮಾದರಿಗಳನ್ನು 1980ರಲ್ಲಿ ಪರೀಕ್ಷಿಸಿದಾಗ ಅದು ಎ ಕೂಡ ಅಲ್ಲ, ಬಿ ಕೂಡ ಅಲ್ಲ ಎಂದು ತಿಳಿಯಿತು; ಮುಂದೆ ಅದಕ್ಕೆ ಇ ಎಂದು ಹೆಸರಾಯಿತು. ಈ ಎರಡೂ ವೈರಸ್‌ಗಳನ್ನು ಆರೋಗ್ಯವಂತರ ದೇಹ ಕೆಲವು ವಾರಗಳಲ್ಲಿ ತಾನೇ ಹೊರದಬ್ಬುತ್ತದೆ. ನೆಲನೆಲ್ಲಿ ಚಿಗುರುವ ಕಾಲ ಮತ್ತು ನೀರಿನ ಕಾಮಾಲೆ ಹಬ್ಬುವ ಕಾಲ ಎರಡೂ ಮಳೆಗಾಲವೇ ಆದದ್ದು ಮದ್ದಿನ ಕೀರ್ತಿಗೆ ಒದಗಿದ ಅನುಕೂಲ. ರೋಗಿ ಬಂದಾಗ ಗಿಡ ಕೈಗೆಟಕುವಂತಿತ್ತು, ಗಿಡ ಕುಡಿದವನು ತಿಂಗಳೊಳಗೆ ಎದ್ದು ಓಡಾಡಿದನು.

ಹೆಪಟೈಟಿಸ್ ಬಿ ನೀರಿನಿಂದ ಹರಡುವುದಿಲ್ಲ. ರಕ್ತ, ಸೂಜಿ, ದೈಹಿಕ ಸಂಬಂಧ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗು, ಇವು ಅದರ ದಾರಿಗಳು. ಮನುಷ್ಯರ ರಕ್ತದಲ್ಲಿ ಇಂಥದೊಂದು ಕಾಮಾಲೆ ಇದೆಯೆಂಬ ಸುಳಿವು ಸಿಕ್ಕಿದ್ದು ಜರ್ಮನಿಯ ಬ್ರೆಮೆನ್‌ನಲ್ಲಿ. 1883ರಲ್ಲಿ ಅಲ್ಲಿಯ ಹಡಗುಕಟ್ಟೆಯ 1,289 ಕೆಲಸಗಾರರಿಗೆ ಮನುಷ್ಯರ ದೇಹದಿಂದ ತೆಗೆದ ರಸದಿಂದ ದೇವಿ ಹಾಕಲಾಯಿತು; ಅವರಲ್ಲಿ 191 ಮಂದಿಗೆ ವಾರಗಳು, ತಿಂಗಳುಗಳು ಕಳೆದ ಮೇಲೆ ಕಾಮಾಲೆ ಬಂತು. ಬೇರೆ ರಸದಿಂದ ದೇವಿ ಹಾಕಿಸಿಕೊಂಡವರಿಗೆ ಬರಲಿಲ್ಲ. ಇದಕ್ಕಿಂತ ದೊಡ್ಡ ದುರಂತ 1942ರ ಅಮೆರಿಕದ ಸೇನೆಯದು. ಹಳದಿ ಜ್ವರದ ಲಸಿಕೆ ಕೆಡದಿರಲೆಂದು ಅದಕ್ಕೆ ಬೆರೆಸಿದ್ದ ಮನುಷ್ಯರ ರಕ್ತದ್ರವದಲ್ಲಿ ವೈರಸ್ ಇತ್ತು. ಸುಮಾರು 50 ಸಾವಿರ ಸೈನಿಕರು ಕಾಮಾಲೆಯಿಂದ ಆಸ್ಪತ್ರೆ ಸೇರಿದರು. ಸೋಂಕು ತಗುಲಿದವರ ಸಂಖ್ಯೆ 3 ಲಕ್ಷಕ್ಕೂ ಮೀರಿತ್ತೆಂದು ಆಮೇಲೆ ಅಂದಾಜು ಮಾಡಿದರು. 1980ರ ದಶಕದಲ್ಲಿ ಆ ಹಳೆಯ ಸೈನಿಕರ ರಕ್ತವನ್ನು ಪರೀಕ್ಷಿಸಿದಾಗ ಕಾಮಾಲೆ ಬಂದಿದ್ದ ಬಹುತೇಕ ಎಲ್ಲರಲ್ಲೂ ಹೆಪಟೈಟಿಸ್ ಬಿ ವಿರುದ್ಧದ ಪ್ರತಿಕಾಯಗಳು ಸಿಕ್ಕವು. ವೈರಸ್ಸನ್ನು ಇನ್ನೂ ಉಳಿಸಿಕೊಂಡಿದ್ದವರು ನೂರಕ್ಕೆ ಒಬ್ಬರೂ ಇರಲಿಲ್ಲ. ನೆಲನೆಲ್ಲಿಯ ಚರಿತ್ರೆಗೆ ಈ ಸೈನಿಕರಿಗಿಂತ ಮುಖ್ಯವಾದ ಸಾಕ್ಷಿ ಬೇರೆ ಇಲ್ಲ. ಅವರು ಯಾವ ಗಿಡದ ರಸವನ್ನೂ ಕುಡಿಯಲಿಲ್ಲ, ವೈರಸ್ಸನ್ನು ಕೊಲ್ಲುವ ಮಾತ್ರೆ ಆಗ ಹುಟ್ಟಿಯೂ ಇರಲಿಲ್ಲ. ಆದರೂ ಹೆಚ್ಚುಕಡಿಮೆ ಎಲ್ಲರೂ ಗೆದ್ದರು. ಗಟ್ಟಿಮುಟ್ಟಾದ ಹರೆಯದ ದೇಹ ತನ್ನಷ್ಟಕ್ಕೆ ಏನು ಮಾಡಬಲ್ಲದು ಎಂಬುದಕ್ಕೆ ಅದು ಲೆಕ್ಕ.

ದೇಹ ಅದನ್ನು ಮಾಡುವ ಬಗೆಯನ್ನು ಸ್ವಲ್ಪ ನಿಂತು ನೋಡಬೇಕು. ರಕ್ತಕ್ಕೆ ಸೇರಿದ ವೈರಸ್ ಯಕೃತ್ತಿನ ಜೀವಕೋಶಗಳ ಮೇಲಿರುವ, ಪಿತ್ತಲವಣವನ್ನು ಒಳಗೆ ಬಿಟ್ಟುಕೊಳ್ಳುವ ಒಂದು ಪ್ರೋಟೀನನ್ನು ಹಿಡಿದು ಒಳಗೆ ಇಳಿಯುತ್ತದೆ. ಆ ಬಾಗಿಲು ಯಾವುದೆಂದು ಪತ್ತೆಯಾದದ್ದು 2012ರಲ್ಲಿ. ಒಳಗೆ ಹೋದ ಮೇಲೆ ಅದರ ಡಿಎನ್‌ಎ ಕೋಶದ ಕೇಂದ್ರ ಸೇರಿ ಉಂಗುರದಂತೆ ಮುಚ್ಚಿಕೊಂಡು, ಅಲ್ಲಿಂದಲೇ ತನ್ನ ಪ್ರತಿಗಳನ್ನು ತೆಗೆಸುತ್ತದೆ. ಆಶ್ಚರ್ಯವೆಂದರೆ ವೈರಸ್ ತಾನಾಗಿ ಆ ಕೋಶವನ್ನು ಕೊಲ್ಲುವುದಿಲ್ಲ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ದೇಹದ ಆರಂಭಿಕ ಎಚ್ಚರಿಕೆಯ ವ್ಯವಸ್ಥೆ ಇದನ್ನು ಗಮನಿಸುವುದೂ ಕಡಿಮೆ. ಜ್ವರವಿಲ್ಲ, ನೋವಿಲ್ಲ, ಯಕೃತ್ತಿನ ಬಹುಪಾಲು ಕೋಶಗಳು ಸೋಂಕಿಗೆ ಒಳಗಾಗಿದ್ದರೂ ಮನುಷ್ಯ ಹೊಲದಲ್ಲಿ ದುಡಿಯುತ್ತಲೇ ಇರುತ್ತಾನೆ. ಎರಡು ಮೂರು ತಿಂಗಳ ಹೊತ್ತಿಗೆ ವೈರಸ್ಸಿನ ಚೂರುಗಳನ್ನು ಗುರುತಿಸಲು ಕಲಿತ ಟಿ ಕೋಶಗಳು ಹೆಚ್ಚಿ ಯಕೃತ್ತಿಗೆ ನುಗ್ಗುತ್ತವೆ. ಅವು ಎರಡು ಕೆಲಸ ಮಾಡುತ್ತವೆ. ಇಂಟರ್‌ಫೆರಾನ್ ಗಾಮಾದಂಥ ರಾಸಾಯನಿಕಗಳನ್ನು ಸುರಿಸಿ, ಕೋಶವನ್ನು ಉಳಿಸಿಕೊಂಡೇ ಒಳಗಿನ ವೈರಸ್ ಉತ್ಪತ್ತಿಯನ್ನು ತಗ್ಗಿಸುತ್ತವೆ. ಜೊತೆಗೆ ಸೋಂಕು ಹಿಡಿದ ಕೋಶಗಳಲ್ಲಿ ಒಂದು ಪಾಲನ್ನು ನೇರವಾಗಿ ಕೊಲ್ಲುತ್ತವೆ. ಅಮೆರಿಕದ ಫ್ರಾನ್ಸಿಸ್ ಕಿಸಾರಿಯವರ ತಂಡ 1990ರ ದಶಕದಿಂದ ಇಲಿ ಮತ್ತು ಚಿಂಪಾಂಜಿಗಳಲ್ಲಿ ಈ ಎರಡೂ ದಾರಿಗಳನ್ನು ಬಿಡಿಸಿ ತೋರಿಸಿತು. 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಚಿಂಪಾಂಜಿಗಳ ದೇಹದಿಂದ ಕೊಲ್ಲುವ ಬಗೆಯ ಟಿ ಕೋಶಗಳನ್ನು ತಾತ್ಕಾಲಿಕವಾಗಿ ತೆಗೆದಾಗ ಯಕೃತ್ತಿನ ಉರಿಯೂತವೂ ಬರಲಿಲ್ಲ, ವೈರಸ್ಸೂ ಹೋಗಲಿಲ್ಲ. ಆ ಕೋಶಗಳು ಮರಳಿದ ಮೇಲೆ ಎರಡೂ ನಡೆದವು.

ಈ ಪ್ರಯೋಗದ ಅರ್ಥವನ್ನು ನಮ್ಮ ರೂಢಿಯ ಪಕ್ಕದಲ್ಲಿಟ್ಟು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಹೆಪಟೈಟಿಸ್ ಬಿ ಕಾಮಾಲೆಯ ಹಳದಿ ವೈರಸ್ ಮಾಡಿದ ಗಾಯವಲ್ಲ, ವೈರಸ್ಸನ್ನು ಓಡಿಸಲು ದೇಹ ತನ್ನದೇ ಯಕೃತ್ತಿನ ಮೇಲೆ ಮಾಡಿದ ದಾಳಿಯ ಗುರುತು. ಕಣ್ಣು ಹಳದಿಯಾಗಿ ಮನೆಯವರು ನಾಟಿ ಮದ್ದಿಗೆ ಹೊರಡುವಷ್ಟರಲ್ಲಿ ರಕ್ತದಲ್ಲಿ ವೈರಸ್ಸಿನ ಪ್ರಮಾಣ ಆಗಲೇ ಇಳಿಮುಖವಾಗಿರುತ್ತದೆ. ಅಂದಮೇಲೆ ಮೂರು ದಿನದ ರಸ ಹೊಟ್ಟೆಗೆ ಬೀಳುವುದು ಇಳಿಜಾರಿನಲ್ಲೇ. ಆಮೇಲೆ ಬಿಲಿರುಬಿನ್ ತಗ್ಗಿ, ಹಸಿವು ಮರಳಿ, ಮೂತ್ರ ತಿಳಿಯಾಗುವುದಕ್ಕೆ ವಾರಗಳು ಬೇಕು. ಪಥ್ಯಕ್ಕೂ ಅಷ್ಟೇ ವಾರಗಳನ್ನು ರೂಢಿ ಗೊತ್ತುಮಾಡಿದೆ. ಎರಡು ಲೆಕ್ಕವೂ ಸರಿಯಾಗಿ ಕೂಡಿಬಂದವು. ಮದ್ದು ಕೊಟ್ಟವರು ಮೋಸ ಮಾಡಿದರೆಂದು ಇದರ ಅರ್ಥವಲ್ಲ. ಮದ್ದು, ಆಮೇಲೆ ಗುಣ ಎಂಬ ಕ್ರಮವನ್ನು ಪ್ರತಿ ವರ್ಷ ಕಂಡ ಯಾವ ಪ್ರಾಮಾಣಿಕ ಮನುಷ್ಯನಾದರೂ ಮದ್ದಿನಿಂದಲೇ ಗುಣ ಎಂದು ನಂಬುತ್ತಿದ್ದನು. ಮದ್ದು ಕೊಡದೆ ಬಿಟ್ಟವರ ಲೆಕ್ಕವನ್ನೂ ಜೊತೆಯಲ್ಲಿಟ್ಟು ನೋಡುವ ಪದ್ಧತಿ ಮಾತ್ರ ಆ ತಪ್ಪನ್ನು ತಿದ್ದಬಲ್ಲದು, ಅಂಥ ಪದ್ಧತಿ ಊರಿನ ಕೈಯಲ್ಲಿರಲಿಲ್ಲ.

ಈಗ ಚಿತ್ರದ ಇನ್ನೊಂದು ಬದಿ. ವೈರಸ್ ಸೇರಿದ್ದು ದೊಡ್ಡವರ ದೇಹಕ್ಕಾದರೆ ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿ ಅದನ್ನು ಗೆಲ್ಲುತ್ತಾರೆ. ಅದೇ ವೈರಸ್ ರಕ್ತದಲ್ಲಿ ತುಂಬಿರುವ ತಾಯಿಯಿಂದ ಹೆರಿಗೆಯ ಹೊತ್ತಿನಲ್ಲಿ ಮಗುವಿಗೆ ದಾಟಿದರೆ, ಲಸಿಕೆ ಸಿಗದ ಮಕ್ಕಳಲ್ಲಿ ನೂರಕ್ಕೆ 90ರಷ್ಟು ಮಂದಿಯಲ್ಲಿ ಅದು ಜೀವನಪೂರ್ತಿ ಉಳಿದುಬಿಡುತ್ತದೆ. ಒಂದರಿಂದ ಐದು ವರ್ಷದ ಮಕ್ಕಳಲ್ಲಿ ಹಾಗೆ ಉಳಿಯುವುದು ಸುಮಾರು ಮೂರರಲ್ಲಿ ಒಂದು ಪಾಲು. ಹಸುಗೂಸಿನ ರೋಗನಿರೋಧಕ ವ್ಯವಸ್ಥೆ ಇನ್ನೂ ತನ್ನದು ಯಾವುದು, ಪರಕೀಯ ಯಾವುದು ಎಂದು ಕಲಿಯುತ್ತಿರುವಾಗಲೇ ವೈರಸ್ಸಿನ ಪ್ರೋಟೀನುಗಳು ರಾಶಿರಾಶಿಯಾಗಿ ಎದುರಾಗುತ್ತವೆ. ಅದರ ಮೇಲೆ ತಿರುಗಿಬೀಳಬೇಕಾದ ಟಿ ಕೋಶಗಳು ಸಂಖ್ಯೆಯಲ್ಲಿ ಕಡಿಮೆ, ಇದ್ದವೂ ದಣಿದು ನಿಷ್ಕ್ರಿಯವಾಗುತ್ತವೆ. ದಾಳಿಯಿಲ್ಲವಾದ್ದರಿಂದ ಕಾಮಾಲೆಯೂ ಇಲ್ಲ. ಮಗು ಎಲ್ಲ ಮಕ್ಕಳಂತೆ ಬೆಳೆಯುತ್ತದೆ, ಶಾಲೆಗೆ ಹೋಗುತ್ತದೆ, ಮದುವೆಯಾಗುತ್ತದೆ, ಹೆಣ್ಣಾದರೆ ತನ್ನ ಮಗುವಿಗೂ ಅದನ್ನು ದಾಟಿಸಬಹುದು. ಹೀಗೆ ಬಾಲ್ಯದಲ್ಲಿ ಸೋಂಕು ಹತ್ತಿ ಉಳಿದವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ಮಧ್ಯವಯಸ್ಸಿನ ಆಚೀಚೆ ಯಕೃತ್ತು ಗಂಟುಗಟ್ಟುವ ಸಿರೋಸಿಸ್‌ನಿಂದಲೋ ಯಕೃತ್ತಿನ ಕ್ಯಾನ್ಸರಿನಿಂದಲೋ ಅಕಾಲದಲ್ಲಿ ಸಾಯುತ್ತಾರೆ. ತೈವಾನಿನಲ್ಲಿ 22 ಸಾವಿರಕ್ಕೂ ಹೆಚ್ಚು ಗಂಡಸರನ್ನು ವರ್ಷಗಳ ಕಾಲ ಗಮನಿಸಿ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ವೈರಸ್ ಹೊತ್ತವರಿಗೆ ಯಕೃತ್ತಿನ ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಎಂದು ಕಂಡುಬಂತು.

ಇದನ್ನು ಕೋಲಾರ ಸೀಮೆಯ ಮನೆಗಳ ಮಟ್ಟಕ್ಕೆ ತಂದು ನೋಡಬೇಕು. ಒಂದು ಮನೆಯಲ್ಲಿ ಇಪ್ಪತ್ತೈದರ ಹುಡುಗನಿಗೆ ಕಾಮಾಲೆ ಬಂದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಮದ್ದು, ಪಥ್ಯ, ಗುಣ ಎಲ್ಲವೂ ನೆನಪಿನಲ್ಲಿ ಉಳಿಯುತ್ತಿದ್ದವು. ಇನ್ನೊಂದು ಮನೆಯಲ್ಲಿ ನಲವತ್ತೈದರ ಯಜಮಾನನಿಗೆ ಹೊಟ್ಟೆಯಲ್ಲಿ ನೀರು ತುಂಬಿ, ಕಾಲು ಬಾತು, ರಕ್ತ ವಾಂತಿಯಾದರೆ ಅದನ್ನು ಯಾರೂ ಕಾಮಾಲೆಯ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ಕುಡಿತದಿಂದ ಬಂತೆಂದರು, ಜಲೋದರವೆಂದರು, ಮಾಟವೆಂದವರೂ ಇದ್ದರು. ಅವನ ತಾಯಿಯ ರಕ್ತದಿಂದ ಅವನು ಹುಟ್ಟಿದ ದಿನವೇ ಬಂದ ಸೋಂಕು ಅದಾಗಿರಬಹುದೆಂದು ಹೇಳಲು ಯಾರ ಬಳಿಯೂ ಸಾಧನವಿರಲಿಲ್ಲ. ಎರಡು ಘಟನೆಗಳ ನಡುವೆ ನಾಲ್ಕು ದಶಕಗಳ ಅಂತರ, ಆ ಅಂತರದಲ್ಲಿ ಒಂದು ದಿನವೂ ಕಣ್ಣು ಹಳದಿಯಾಗಿರಲಿಲ್ಲ. ಜನರ ನೆನಪು ಕಣ್ಣಿಗೆ ಕಂಡದ್ದನ್ನು ಆಧರಿಸಿದ್ದರಿಂದ, ಗೆದ್ದ ಸೋಂಕುಗಳು ಚರಿತ್ರೆಯಾದವು, ಕೊಂದ ಸೋಂಕುಗಳು ಚರಿತ್ರೆಯ ಹೊರಗೇ ಉಳಿದವು. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ ಈ ವೈರಸ್ಸನ್ನು ಹೊತ್ತು ಬದುಕುತ್ತಿದ್ದವರು ಸುಮಾರು 2.98 ಕೋಟಿ. ಅವರಲ್ಲಿ ಬಹುಪಾಲು ಜನರಿಗೆ ಅದು ತಮ್ಮೊಳಗಿದೆ ಎಂಬುದೇ ತಿಳಿಯದು.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ನೆಲನೆಲ್ಲಿಯ ಗುಣವನ್ನು ವಿಜ್ಞಾನವೇ ಒಪ್ಪಿದೆಯಲ್ಲ ಎಂದು ಕೇಳುವವರಿದ್ದಾರೆ. ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಪ್ರೋಟೀನನ್ನು ಮೊದಲು ಪತ್ತೆ ಮಾಡಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಮ್‌ಬರ್ಗ್ ಅವರೇ ಈ ಗಿಡದ ಹಿಂದೆ ಬಿದ್ದದ್ದು ನಿಜ. 1987ರಲ್ಲಿ ಅವರ ತಂಡ ನೆಲನೆಲ್ಲಿಯ ಸಾರ ವೈರಸ್ಸಿನ ಡಿಎನ್‌ಎ ನಕಲು ಮಾಡುವ ಕಿಣ್ವವನ್ನು ಪ್ರಯೋಗಾಲಯದಲ್ಲಿ ತಡೆಯುತ್ತದೆ ಎಂದು ವರದಿ ಮಾಡಿತು. 1988ರಲ್ಲಿ ಮದರಾಸಿನ ಎಸ್.ಪಿ. ತ್ಯಾಗರಾಜನ್ ಅವರು ಬ್ಲೂಮ್‌ಬರ್ಗ್ ಜೊತೆಗೂಡಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇನ್ನೂ ದೊಡ್ಡ ಸುದ್ದಿ ಪ್ರಕಟಿಸಿದರು: ಒಂದು ತಿಂಗಳು ಗಿಡದ ಪುಡಿ ತೆಗೆದುಕೊಂಡ 37 ವಾಹಕರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು, ಹುಸಿಮದ್ದು ತೆಗೆದುಕೊಂಡ 23 ಮಂದಿಯಲ್ಲಿ ಮಾಯವಾದದ್ದು ಒಬ್ಬರಲ್ಲಿ. ಮನೆಮದ್ದಿನ ಪರವಾಗಿ ಇದಕ್ಕಿಂತ ಬಲವಾದ ದಾಖಲೆ ಬೇರೆ ಬಂದಿಲ್ಲ. ಆದರೆ ಅದೇ ಪ್ರಯೋಗವನ್ನು ಥಾಯ್ಲೆಂಡ್, ನ್ಯೂಜಿಲೆಂಡ್ ಮತ್ತು ಭಾರತದಲ್ಲೇ ಬೇರೆ ತಂಡಗಳು ಮುಂದಿನ ವರ್ಷಗಳಲ್ಲಿ ಮಾಡಿದಾಗ ಆ ಫಲ ಸಿಗಲಿಲ್ಲ. ಎಲ್ಲ ಪ್ರಯೋಗಗಳನ್ನೂ ಕೂಡಿಸಿ ತೂಗಿದ 2011ರ ಕಾಕ್ರೇನ್ ಸಮೀಕ್ಷೆ, ಈ ಗಿಡದಿಂದ ದೀರ್ಘಕಾಲದ ಹೆಪಟೈಟಿಸ್ ಬಿ ರೋಗಿಗಳಿಗೆ ಉಪಯೋಗವಾಗುತ್ತದೆ ಎನ್ನಲು ನಂಬುವಂಥ ಪುರಾವೆ ಇಲ್ಲವೆಂದು ತೀರ್ಮಾನಿಸಿತು. ಗಿಡದ ಪ್ರಭೇದ, ಬೆಳೆದ ಮಣ್ಣು, ಕಿತ್ತ ಕಾಲ ಬೇರೆಯಾದ್ದರಿಂದ ಫಲ ತಪ್ಪಿತು ಎಂಬ ಸಮಜಾಯಿಷಿಯೂ ಉಂಟು. ಅದನ್ನು ಒಪ್ಪಿದರೂ ರೂಢಿಗೆ ನೆರವಾಗುವುದಿಲ್ಲ: ಅಳೆದು ತೂಗಿದ ಪುಡಿಯಲ್ಲೇ ಗುಣ ನಿಲ್ಲದಿದ್ದರೆ, ಬದುವಿನಿಂದ ಕಿತ್ತು ಅಂದಾಜಿನಲ್ಲಿ ಅರೆದ ರಸದಲ್ಲಿ ಪ್ರತಿ ಸಲವೂ ಅದು ಇತ್ತೆಂದು ಹೇಳುವುದು ಹೇಗೆ?

ಎರಡನೆಯ ಆಕ್ಷೇಪ ಆಸ್ಪತ್ರೆಗಳ ಕಡೆ ಬೆರಳು ತೋರಿಸುತ್ತದೆ. ಕಾಮಾಲೆಗೆ ಇಂಗ್ಲಿಷ್ ಮದ್ದಿಲ್ಲ ಎಂಬುದು ಊರೂರಲ್ಲೂ ಕೇಳುವ ಮಾತು, ಅದರಲ್ಲಿ ಬಹುಕಾಲ ಸತ್ಯವಿತ್ತು. ಕೋಲಾರದಲ್ಲಿ ಮೆಥೊಡಿಸ್ಟ್ ಮಿಷನ್ನಿನ ಆಸ್ಪತ್ರೆ ಇತ್ತು, ನರಸಿಂಹರಾಜ ಆಸ್ಪತ್ರೆ ಬಂತು, ಕೆಜಿಎಫ್‌ನಲ್ಲಿ ಗಣಿ ಕಂಪನಿಯ ಆಸ್ಪತ್ರೆ ಇತ್ತು. 1986ರಲ್ಲಿ ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜು ಶುರುವಾಯಿತು. ಆದರೆ ಹೊಸ ವೈರಲ್ ಕಾಮಾಲೆಯೊಂದಿಗೆ ಬಂದವನಿಗೆ ಯಾವ ಆಸ್ಪತ್ರೆಯೂ ವಿಶ್ರಾಂತಿ, ಗ್ಲೂಕೋಸ್, ಹಗುರವಾದ ಊಟಕ್ಕಿಂತ ಹೆಚ್ಚನ್ನು ಕೊಡುವಂತಿರಲಿಲ್ಲ. ವೈದ್ಯರು ಬರೆದುಕೊಡುತ್ತಿದ್ದ, 1955ರಿಂದ ಮಾರುಕಟ್ಟೆಯಲ್ಲಿರುವ ಲಿವ್ 52 ಕೂಡ ಗಿಡಮೂಲಿಕೆಗಳದ್ದೇ. ಇಂದಿಗೂ ದೊಡ್ಡವರ ಹೊಸ ಸೋಂಕಿನಲ್ಲಿ ವೈದ್ಯರು ಬಹುಮಟ್ಟಿಗೆ ಕಾಯುತ್ತಾರೆ, ಯಾಕೆಂದರೆ ಟಿ ಕೋಶಗಳು ಮಾಡುವ ಕೆಲಸವನ್ನು ಅವರಿಗಿಂತ ಚೆನ್ನಾಗಿ ಮಾಡುವ ಮಾತ್ರೆ ಇಲ್ಲ. ಈ ದೃಷ್ಟಿಯಿಂದ ಪಥ್ಯಕ್ಕೂ ಒಂದು ಮರ್ಯಾದೆ ಸಲ್ಲಬೇಕು. ಹೆಂಡ ಬಿಡಿಸಿದ್ದು, ದುಡಿಮೆ ನಿಲ್ಲಿಸಿದ್ದು, ಕಂಡಕಂಡ ಗುಳಿಗೆ ನುಂಗದಂತೆ ತಡೆದದ್ದು ನೊಂದ ಯಕೃತ್ತಿಗೆ ಹಿತವೇ ಆಗಿತ್ತು. ಮತ್ತೊಂದನ್ನೂ ಒಪ್ಪಬೇಕು: ಸೂಜಿಯನ್ನು ಸರಿಯಾಗಿ ಕುದಿಸದೆ ಒಬ್ಬರಿಂದ ಒಬ್ಬರಿಗೆ ಚುಚ್ಚಿದ ಕಾಲದಲ್ಲಿ ಈ ವೈರಸ್ಸನ್ನು ಹರಡಿದ ಪಾಪದಲ್ಲಿ ಇಂಜೆಕ್ಷನ್ ವೈದ್ಯಕ್ಕೂ ಪಾಲಿದೆ. 2009ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಬಳಸಿದ ಸಿರಿಂಜುಗಳ ಮರುಬಳಕೆಯಿಂದ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತದ್ದು ಆ ಪಾಪ ಹಳೆಯದಾಗಿಲ್ಲ ಎಂಬುದನ್ನು ತೋರಿಸಿತು. ಇಷ್ಟನ್ನು ಒಪ್ಪಿದ ಮೇಲೂ ರೂಢಿಯ ಹಾನಿಯನ್ನು ಮುಚ್ಚಿಡಲಾಗದು. ಬರೆಯ ಗಾಯ ಕೀವಾಗುತ್ತದೆ, ವಾರಗಟ್ಟಲೆಯ ಕಟ್ಟುಪಥ್ಯ ಸೊರಗಿಸುತ್ತದೆ, ಪಿತ್ತನಾಳದಲ್ಲಿ ಕಲ್ಲೋ ಗಡ್ಡೆಯೋ ಇರುವವರು ಮದ್ದು ನಂಬಿ ಕೂತು ಹೊತ್ತು ಮೀರಿಸಿಕೊಳ್ಳುತ್ತಾರೆ.

ಮೂರನೆಯ ಪ್ರಶ್ನೆ ಈ ವಾದದ ಒಳಗಿನಿಂದಲೇ ಏಳುತ್ತದೆ. ಕಾಮಾಲೆ ದೇಹದ ಗೆಲುವಿನ ಗುರುತಾದರೆ ಅದನ್ನು ಶುಭವೆಂದು ತಿಳಿದು ಸುಮ್ಮನಿರಬಹುದೇ? ಖಂಡಿತ ಇಲ್ಲ. ಅದೇ ದಾಳಿ ಮಿತಿ ಮೀರಿದರೆ ಯಕೃತ್ತೇ ಕುಸಿಯುತ್ತದೆ. ಹೊಸದಾಗಿ ಸೋಂಕು ತಗುಲಿ ಕಾಯಿಲೆಬಿದ್ದ ದೊಡ್ಡವರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ ಮಂದಿಗೆ ಹೀಗಾದರೂ, ಆದವರ ಜೀವಕ್ಕೆ ಗಂಡಾಂತರ. ಮಾತು ತೊದಲುವುದು, ಮಂಪರು, ರಕ್ತಸ್ರಾವ ಕಂಡರೆ ಒಂದು ಗಂಟೆಯನ್ನೂ ಕಳೆಯುವಂತಿಲ್ಲ. ಗರ್ಭಿಣಿಯ ಕೊನೆಯ ತಿಂಗಳುಗಳಲ್ಲಿ ಹೆಪಟೈಟಿಸ್ ಇ ಬಂದರೆ ಐವರಲ್ಲಿ ಒಬ್ಬರವರೆಗೂ ಸಾವು ಕಂಡಿದೆ. ವರ್ಷಗಳಿಂದ ವೈರಸ್ ಹೊತ್ತವರಿಗೆ ಸಿರೋಸಿಸ್‌ನ ಕೊನೆಯಲ್ಲಿ ಬರುವ ಕಾಮಾಲೆ ಸೋಲಿನ ಗುರುತು. ಇನ್ನು ಗೆದ್ದವರ ದೇಹದಲ್ಲೂ ಯಕೃತ್ತಿನ ಕೋಶಗಳ ಕೇಂದ್ರದಲ್ಲಿ ವೈರಸ್ಸಿನ ಉಂಗುರ ಡಿಎನ್‌ಎ ಅಲ್ಪಸ್ವಲ್ಪ ಉಳಿದಿರುತ್ತದೆ. ಕ್ಯಾನ್ಸರಿಗೋ ಕೀಲುವಾತಕ್ಕೋ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಕೊಟ್ಟಾಗ ಅದು ಮತ್ತೆ ಎದ್ದುಬಂದ ಪ್ರಸಂಗಗಳಿವೆ. ಗುಣವಾಯಿತೆಂದರೆ ಟಿ ಕೋಶಗಳೂ ಪ್ರತಿಕಾಯಗಳೂ ಜೀವನಪರ್ಯಂತ ಅದನ್ನು ಅದುಮಿ ಹಿಡಿದಿವೆ ಎಂದೇ ಅರ್ಥ. ಆದ್ದರಿಂದ ಕಾಮಾಲೆ ಬಂದವರೆಲ್ಲರಿಗೂ ಅದು ಯಾವ ಬಗೆಯದೆಂದು ರಕ್ತ ಪರೀಕ್ಷೆಯಿಂದ ತಿಳಿಯುವುದು, ಬಿ ಆಗಿದ್ದರೆ ಆರು ತಿಂಗಳ ಮೇಲೆ ವೈರಸ್ ಹೋಗಿದೆಯೇ ಎಂದು ಮತ್ತೆ ನೋಡುವುದು ಅಗತ್ಯ.

ಹಸುಗೂಸಿನ ದೇಹ ವೈರಸ್ಸಿನ ಎದುರು ಸುಮ್ಮನಿರುತ್ತದೆ ಎಂದೆವು. ಅದೇ ಹಸುಗೂಸಿಗೆ ವೈರಸ್ಸಿನ ಹೊರಕವಚದ ಪ್ರೋಟೀನನ್ನು ಮಾತ್ರ ಪ್ರತ್ಯೇಕಿಸಿ ಕೊಟ್ಟರೆ ಅದು ಚೆನ್ನಾಗಿ ಪ್ರತಿಕಾಯಗಳನ್ನು ಕಟ್ಟುತ್ತದೆ. ಲಸಿಕೆಯ ಗುಟ್ಟು ಇದೇ. ವಾಹಕರ ರಕ್ತದಿಂದ ಈ ಪ್ರೋಟೀನನ್ನು ಶುದ್ಧಮಾಡಿ ತಯಾರಿಸಿದ ಲಸಿಕೆ 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. 1986ರಲ್ಲಿ ಯೀಸ್ಟಿನಲ್ಲಿ ಬೆಳೆಸಿದ ಪ್ರೋಟೀನಿನ ಲಸಿಕೆ ಬಂತು. ತೈವಾನ್ 1984ರಲ್ಲೇ ಹಸುಗೂಸುಗಳಿಗೆ ಲಸಿಕೆ ಶುರು ಮಾಡಿತು, ಹದಿಮೂರು ವರ್ಷಗಳೊಳಗೆ ಅಲ್ಲಿನ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಇಳಿದದ್ದು ದಾಖಲಾಯಿತು. ನಮ್ಮಲ್ಲಿ ಹೊರದೇಶದ ಲಸಿಕೆಯ ಬೆಲೆ ಬಡವರ ಕೈಗೆ ಎಟಕುವಂತಿರಲಿಲ್ಲ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶದ ಮೊದಲ ಯೀಸ್ಟ್ ಲಸಿಕೆಯನ್ನು ಹೊರತಂದ ಮೇಲೆ ಬೆಲೆ ಕುಸಿಯಿತು. ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ 2002ರಿಂದ ಕೆಲವು ನಗರ, ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಕೊಟ್ಟು, 2007-08ರಲ್ಲಿ ಕರ್ನಾಟಕವೂ ಸೇರಿದಂತೆ ಹತ್ತು ರಾಜ್ಯಗಳಿಗೆ, 2011ರಲ್ಲಿ ಇಡೀ ದೇಶಕ್ಕೆ ವಿಸ್ತರಿಸಿದರು. ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸು, ಆಮೇಲೆ 6, 10, 14ನೇ ವಾರಗಳಲ್ಲಿ ಉಳಿದವು. ಈ ನಾಲ್ಕರಲ್ಲಿ ಮೊದಲನೆಯದರ ಬೆಲೆ ಹೆಚ್ಚು, ಯಾಕೆಂದರೆ ತಾಯಿಯಿಂದ ದಾಟಿದ ವೈರಸ್ ಯಕೃತ್ತಿನಲ್ಲಿ ಬೇರೂರುವ ಮುನ್ನ ಪ್ರತಿಕಾಯಗಳು ತಯಾರಾಗಬೇಕು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ವೈರಸ್ ಅದುಮುವ ಮಾತ್ರೆಗಳೂ ಉಚಿತ.

ಇಲ್ಲಿಗೆ ಲೆಕ್ಕ ಮುಗಿಯಲಿಲ್ಲ. 2007ಕ್ಕೆ ಮೊದಲು ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಹುಟ್ಟಿದ ಬಹುತೇಕ ಎಲ್ಲರೂ ಈ ಲಸಿಕೆಯಿಲ್ಲದೆ ಬೆಳೆದವರು. ಇಂದು ಮನೆ ನಡೆಸುತ್ತಿರುವ, ಮಕ್ಕಳನ್ನು ಹೆರುತ್ತಿರುವ ತಲೆಮಾರು ಅದೇ. ಮಾಲೂರಿನ ಇಟ್ಟಿಗೆ ಗೂಡುಗಳಿಗೂ ಹೆಂಚಿನ ಕಾರ್ಖಾನೆಗಳಿಗೂ ದೂರದಿಂದ ಕೂಲಿಗೆ ಬರುವ ಕುಟುಂಬಗಳ ಮಕ್ಕಳು ಎಲ್ಲಿ ಹುಟ್ಟಿದರು, ಮೊದಲ ಡೋಸು ಸಿಕ್ಕಿತೋ ಇಲ್ಲವೋ ಎಂಬುದನ್ನು ಬೆನ್ನುಹತ್ತಿ ನೋಡಬೇಕಾದ ಕೆಲಸ ಬೇರೆ ಇದೆ. ಕಾಮಾಲೆ ಮದ್ದಿನ ರೂಢಿಯಲ್ಲಿ ಉಳಿಸಿಕೊಳ್ಳಬೇಕಾದ ಒಂದು ಗುಣ ಖಂಡಿತ ಇದೆ: ಪಕ್ಕದ ಮನೆಯವನ ಕಣ್ಣು ಹಳದಿಯಾದದ್ದನ್ನು ಊರು ಗಮನಿಸುತ್ತಿತ್ತು, ಅವನನ್ನು ಕೈಹಿಡಿದು ಮದ್ದಿನ ಮನೆಗೆ ಕರೆದೊಯ್ಯುತ್ತಿತ್ತು, ದುಡ್ಡಿನ ಮಾತೆತ್ತದೆ ಅಲ್ಲಿ ಮದ್ದು ಸಿಗುತ್ತಿತ್ತು. ಆ ಕಾಳಜಿ ಈಗ ಹಳದಿಯಾಗದ ಕಣ್ಣುಗಳ ಕಡೆಗೂ ತಿರುಗಬೇಕು. ಬಸುರಿಯಾದ ಪ್ರತಿ ಹೆಣ್ಣಿಗೆ ಹೆಪಟೈಟಿಸ್ ಬಿ ಪರೀಕ್ಷೆಯಾಯಿತೇ, ಹುಟ್ಟಿದ ದಿನವೇ ಮಗುವಿಗೆ ಲಸಿಕೆ ಬಿತ್ತೇ, ಮನೆಯಲ್ಲಿ ಒಬ್ಬರಿಗೆ ಸೋಂಕಿದ್ದರೆ ಉಳಿದವರೆಲ್ಲ ನೋಡಿಸಿಕೊಂಡರೇ ಎಂದು ಊರು ಕೇಳತೊಡಗಿದರೆ, ನೂರಾರು ವರ್ಷ ನೆಲನೆಲ್ಲಿಗೆ ಸಲ್ಲಿಸಿದ ನಂಬಿಕೆಗೆ ಅರ್ಹವಾದ ಚಿಕಿತ್ಸೆ ಊರಿಗೆ ಕೊನೆಗೂ ದಕ್ಕಿದಂತಾಗುತ್ತದೆ.